ಆಯಿಯ ಕೈಗೆ ಸೂಜಿ, ಮುತ್ಯಾನ ಕೈಗೆ ನಾರು: ಹಿರಿಯರಿಗೆ ಕೈಕೆಲಸ ಹಚ್ಚುವ ಬಗೆ

"ಇಷ್ಟ ದಿನ ದುಡದೀರಿ, ಇನ್ನ ಸುಮ್ಮ ಕುಂದರ್ರಿ." ಕಲಬುರಗಿ, ಬೀದರ, ಯಾದಗಿರಿ ಕಡೆಯ ಮನೆಗಳಲ್ಲಿ ಎಪ್ಪತ್ತು ದಾಟಿದವರಿಗೆ ಮಕ್ಕಳು ಪ್ರೀತಿಯಿಂದ ಹೇಳುವ ಮಾತಿದು. ಆದರೆ ಕೆಲಸವಿಲ್ಲದ ಬೆರಳು ದಿನೇದಿನೇ ಬಿಗಿಯುತ್ತದೆ. ಹಗಲಿಡೀ ತೂಕಡಿಸಿದವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಮನೆಯ ಯಾವ ನಿರ್ಧಾರಕ್ಕೂ ತಮ್ಮನ್ನು ಕೇಳುವವರಿಲ್ಲ ಎಂದಾದ ಮೇಲೆ ಮಾತೂ ಕಡಿಮೆಯಾಗುತ್ತದೆ. ಕೈಗೊಂದು ಕೆಲಸ ಸಿಕ್ಕರೆ ಈ ಮೂರೂ ಸ್ವಲ್ಪಸ್ವಲ್ಪ ಸುಧಾರಿಸುತ್ತವೆ. ಆದರೆ ಬಣ್ಣ ತುಂಬುವ ಪುಸ್ತಕವನ್ನೋ ಮಣಿಯ ಡಬ್ಬಿಯನ್ನೋ ತಂದು ಮುಂದಿಟ್ಟು "ಟೈಂಪಾಸ್ ಮಾಡ್ರಿ" ಎಂದರೆ ಹೆಚ್ಚಿನವರು ಎರಡೇ ದಿನಕ್ಕೆ ಅದನ್ನು ಗೂಡಿಗೆ ಎತ್ತಿಡುತ್ತಾರೆ. ಮನೆಗೆ ನಿಜವಾಗಿಯೂ ಬೇಕಾದ ವಸ್ತುವನ್ನೇ ಕೇಳಬೇಕು. ಅದರ ವಿದ್ಯೆ ಅವರಿಗೆ ಗೊತ್ತಿರಬೇಕು, ನಮಗೆ ಗೊತ್ತಿರಬಾರದು. ಅಳತೆ, ಬೆಳಕು, ಕೂರುವ ಬಗೆ ಮಾತ್ರ ಈಗಿನ ಅವರ ದೇಹಕ್ಕೆ ಹೊಂದಬೇಕು. ಮುಂದೆ ಬರುವ ವಿವರವೆಲ್ಲ ಈ ಲೆಕ್ಕದ್ದೇ.

ಇದರ ಬಗ್ಗೆ ಅಧ್ಯಯನಗಳೂ ಆಗಿವೆ. ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 60ರಿಂದ 90 ವರ್ಷದವರಿಗೆ ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಹೊಸ ವಿದ್ಯೆ ಕಲಿಸಿದರು. ಕೆಲವರಿಗೆ ಡಿಜಿಟಲ್ ಫೋಟೋಗ್ರಫಿ, ಕೆಲವರಿಗೆ ನಮ್ಮ ಕೌದಿಯ ಹಾಗೇ ತುಂಡು ಜೋಡಿಸಿ ಹೊಲಿಯುವ ಕ್ವಿಲ್ಟ್, ಇನ್ನು ಕೆಲವರಿಗೆ ಎರಡೂ. 2014ರಲ್ಲಿ ಫಲಿತಾಂಶ ಪ್ರಕಟವಾಯಿತು: ಕೂಡಿ ಹರಟೆ, ತಿರುಗಾಟದಲ್ಲಿ ಸಮಯ ಕಳೆದವರಿಗಿಂತ ಕಷ್ಟದ ಹೊಸ ವಿದ್ಯೆ ಕಲಿತವರ ನೆನಪಿನ ಶಕ್ತಿ ಹೆಚ್ಚು ಸುಧಾರಿಸಿತ್ತು. ಲಾಭ ಎದ್ದು ಕಂಡದ್ದು ಫೋಟೋಗ್ರಫಿ ಕಲಿತವರಲ್ಲಿ. ಮರುವರ್ಷ ಅಮೆರಿಕದ ಮೇಯೊ ಕ್ಲಿನಿಕ್‌ನವರು 85 ದಾಟಿದ 256 ಜನರನ್ನು ಸುಮಾರು ನಾಲ್ಕು ವರ್ಷ ಗಮನಿಸಿದ ವರದಿ ಹೊರತಂದರು. ಚಿತ್ರಕಲೆ, ಕೈಕಸುಬು, ಜನರೊಡನೆ ಒಡನಾಟ ಇಟ್ಟುಕೊಂಡವರಲ್ಲಿ ಮರೆವಿನ ಆರಂಭದ ಹಂತ ಕಡಿಮೆ ಕಂಡಿತ್ತು. ಹಾಗೆಂದು ಸೂಜಿ ಹಿಡಿದರೆ ಮರೆವು ಬರುವುದೇ ಇಲ್ಲ ಎಂದು ಯಾರಿಗೂ ಮಾತು ಕೊಡಬೇಡಿ. ಆರೋಗ್ಯ ನೆಟ್ಟಗಿದ್ದವರೇ ಇಂಥ ಕೆಲಸ ಹೆಚ್ಚು ಮಾಡುತ್ತಾರೆ ಎಂಬುದೂ ಲೆಕ್ಕಕ್ಕೆ ಬರಬೇಕು. ನಮಗೆ ಉಪಯೋಗದ ಪಾಠ ಇಷ್ಟು: ಕೈಗೆ ಅಭ್ಯಾಸವಾದದ್ದರಿಂದ ಶುರು ಮಾಡಿ, ಹದಿನೈದು ದಿನಕ್ಕೊಮ್ಮೆ ಒಂದು ಹೊಸ ಕಷ್ಟ ಸೇರಿಸಿ. ಹೊಸ ಮಾದರಿ, ಹೊಸ ಬಣ್ಣದ ಜೋಡಣೆ, ಹೊಸ ಹೊಲಿಗೆ, ಯಾವುದಾದರೂ ಸರಿ.

ತೊಟ್ಟಿಲ ಕೌದಿ

ನಮ್ಮ ಸೀಮೆಯ ಹಿರಿಯ ಹೆಣ್ಣುಮಕ್ಕಳಿಗೆ ಕೌದಿಗಿಂತ ಒಳ್ಳೆಯ ಆರಂಭವಿಲ್ಲ. ಹೊಲಿಗೆ ಸಾದಾ, ಬಟ್ಟೆ ಮನೆಯದೇ. ನಾಲ್ಕು ಟಾಕಿ (ಸೂಜಿಯ ಒಂದೊಂದು ಹೊಲಿಗೆ) ಸೊಟ್ಟ ಬಿದ್ದರೂ ಕೌದಿ ಕೌದಿಯೇ. ಆದರೆ ಐದಾರು ಪದರದ ದೊಡ್ಡ ಹಾಸುವ ಕೌದಿಗೆ ಕೈಹಾಕಿಸಬೇಡಿ. ಅದರ ಭಾರಕ್ಕೆ ಮಣಿಕಟ್ಟು ನೋಯುತ್ತದೆ, ತಿಂಗಳುಗಟ್ಟಲೆ ಮುಗಿಯುವುದಿಲ್ಲ, ಕಡೆಗೆ ಮೂಲೆ ಸೇರುತ್ತದೆ. 90 ಸೆಂ.ಮೀ. ಉದ್ದ, 70 ಸೆಂ.ಮೀ. ಅಗಲದ ತೊಟ್ಟಿಲ ಕೌದಿ ಮೊದಲ ಸಲಕ್ಕೆ ಸರಿಯಾದ ಅಳತೆ. ಬಂಧುಬಳಗದಲ್ಲಿ ಯಾರಾದರೂ ಬಸಿರಿದ್ದರೆ ಇನ್ನೂ ಒಳ್ಳೆಯದು. ಬೇಕಾದ ದಿನಾಂಕ, ಬೇಕಾದ ಮಗು ಎರಡೂ ಎದುರಿಗಿರುತ್ತವೆ.

ಬಟ್ಟೆ ಆರಿಸುವ ಮೊದಲು ಒಂದು ಮಾತು. ಟ್ರಂಕಿನಲ್ಲಿರುವ ಹಳೆಯ ಧೋತರ, ಸೀರೆಗಳನ್ನು ಅವರನ್ನು ಕೇಳದೆ ಕತ್ತರಿಸಬೇಡಿ. ತೀರಿಕೊಂಡ ಗಂಡನ ಧೋತರವನ್ನು ಕೌದಿಯ ನಡುವೆ ಹಚ್ಚಬೇಕೆಂದು ಒಬ್ಬರು ಬಯಸಬಹುದು, ಮುಟ್ಟಬಾರದೆಂದು ಇನ್ನೊಬ್ಬರು ಬಯಸಬಹುದು. ಒಂದೊಂದೇ ಬಟ್ಟೆ ತೆಗೆದು ಕೈಗೆ ಕೊಡಿ, ಅವರೇ ಎರಡು ಗುಂಪು ಮಾಡಲಿ. ಈ ಆಯ್ಕೆಗೆ ಇಡೀ ಒಂದು ಮಧ್ಯಾಹ್ನ ಹಿಡಿದರೂ ಅವಸರಪಡಿಸಬೇಡಿ. ಯಾವ ಸೀರೆ ಯಾರ ಮದುವೆಯದು, ಯಾವುದು ಯಾವ ಜಾತ್ರೆಯಲ್ಲಿ ಕೊಂಡದ್ದು ಎಂದು ಹೊರಗೆ ಬರುವ ಮಾತು ನೆನಪಿಗೆ ಒಳ್ಳೆಯ ವ್ಯಾಯಾಮ.

ಬಟ್ಟೆ ಹತ್ತಿಯದೇ ಆಗಿರಬೇಕು. ತೊಳೆದು ತೊಳೆದು ಮೆತ್ತಗಾದ ಹತ್ತಿಯೊಳಗೆ ಸೂಜಿ ಸಲೀಸಾಗಿ ಇಳಿಯುತ್ತದೆ. ಪಾಲಿಯೆಸ್ಟರ್, ನೈಲಾನ್ ಪದರಗಳು ಒಂದರ ಮೇಲೊಂದು ಜಾರುತ್ತವೆ, ಬೆವರನ್ನೂ ಹೀರುವುದಿಲ್ಲ. ಅನುಮಾನವಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಇದನ್ನು ಮನೆಯ ಕಿರಿಯರು ಮಾಡಲಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ಜಾಳಾದ ಜಾಗ ಬಿಟ್ಟುಬಿಡಿ, ಇಲ್ಲವಾದರೆ ಎರಡೇ ತೊಳೆತಕ್ಕೆ ಅಲ್ಲಿ ಬಾಯಿ ಬಿಡುತ್ತದೆ. ಬಣ್ಣ ಬಿಡುತ್ತದೋ ನೋಡಲು ಮೂಲೆ ತೋಯಿಸಿ ಬಿಳಿ ಬಟ್ಟೆಯ ಮೇಲೆ ಒತ್ತಿ. ಕಲೆ ಹತ್ತಿದರೆ ಆ ಬಟ್ಟೆ ಬೇಡ. ಜರಿ ಅಂಚು ಮಗುವಿನ ಮೈಗೆ ಗೀರುತ್ತದೆ, ಅದನ್ನೂ ತೆಗೆಯಿರಿ.

ತಳಬಟ್ಟೆ 96 × 76 ಸೆಂ.ಮೀ., ಒಳಪದರ 90 × 70 ಸೆಂ.ಮೀ.ನ ಎರಡು, ಮೇಲಿನ ತುಂಡುಗಳು 12 ಸೆಂ.ಮೀ. ಚೌಕದ 63. ಬೆರಳಿನ ಬಲ ಕಡಿಮೆಯಿದ್ದರೆ ಒಳಪದರ ಒಂದೇ ಸಾಕು. ಕತ್ತರಿಸುವ ಕೆಲಸ ಕಿರಿಯರದು, ಯಾಕೆಂದರೆ ಹೆಬ್ಬೆರಳ ಬುಡದ ನೋವಿಗೆ ಕತ್ತರಿಯಷ್ಟು ಕೆಟ್ಟದ್ದು ಬೇರೆ ಇಲ್ಲ. ರಟ್ಟಿನ ಒಂದು ಚೌಕ ಮಾಡಿಕೊಂಡು ಅದರ ಅಳತೆಗೇ ಎಲ್ಲವನ್ನೂ ಕತ್ತರಿಸಿದರೆ ಮುಂದೆ ಜೋಡಣೆ ಸುಲಭ.

ತಳಬಟ್ಟೆಯನ್ನು ಮಂಚದ ಮೇಲೆ ಹಾಸಿ, ಸುತ್ತಲೂ 3 ಸೆಂ.ಮೀ. ಬಿಟ್ಟು ಒಳಪದರ ಇಡಿ. ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ ಸುಕ್ಕು ತೆಗೆದು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಪದರ ಸರಿದು ಕೌದಿಯ ನಡುವೆ ಗಂಟು ಕೂಡುತ್ತದೆ, ಆಮೇಲೆ ಬಿಚ್ಚದೆ ದಾರಿಯಿಲ್ಲ. ಇನ್ನು ತುಂಡುಗಳು. ಒಂದು ಮೂಲೆಯಿಂದ ಮೊದಲ ತುಂಡು ಇಡಿ. ಎರಡನೆಯದರ ಒಂದು ಅಂಚನ್ನು 1 ಸೆಂ.ಮೀ. ಒಳಗೆ ಮಡಚಿ, ಆ ಮಡಿಕೆ ಮೊದಲ ತುಂಡಿನ ಕಚ್ಚಾ ಅಂಚನ್ನು 1 ಸೆಂ.ಮೀ. ಮುಚ್ಚುವಂತೆ ಕೂರಿಸಿ. ಹೀಗೆ ಸಾಲಿಗೆ ಒಂಬತ್ತು ತುಂಡು, ಏಳು ಸಾಲು. ಕೆಳಗಿನ ಸಾಲಿನ ತುಂಡುಗಳು ಮೇಲಿನ ಸಾಲನ್ನೂ ಇದೇ ರೀತಿ ಮುಚ್ಚುತ್ತವೆ. ಅಂಚಿಗೆ ಅಂಚು ತಾಗಿಸಿ ಮಾತ್ರ ಇಟ್ಟರೆ ತೊಳೆದಾಗ ನಡುವೆ ಸೀಳು ಕಾಣುತ್ತದೆ. ಕೊನೆಯಲ್ಲಿ ಎರಡು ಸೆಂ.ಮೀ. ಹೆಚ್ಚು ಬಂದರೆ ಕತ್ತರಿಸಿ. ತಳಬಟ್ಟೆಯ ಹೊರಗುಳಿದ ಅಂಚನ್ನು 1 ಸೆಂ.ಮೀ. ಒಳಮಡಚಿ ಮೇಲಕ್ಕೆ ತಿರುಗಿಸಿದರೆ ಸುತ್ತಲೂ 2 ಸೆಂ.ಮೀ.ನ ಪಟ್ಟಿ ಬರುತ್ತದೆ. ಎಲ್ಲ ಕಚ್ಚಾ ಅಂಚೂ ಅದರಡಿ ಸೇರಿಹೋಗುತ್ತವೆ.

ಯಾವ ಬಣ್ಣದ ಮಗ್ಗಲಿಗೆ ಯಾವುದು ಎಂದು ಅವರೇ ತೀರ್ಮಾನಿಸಲಿ. "ಯವ್ವಾ, ಈ ಕೆಂಪಿನ ಮಗ್ಗಲಿಗೆ ಯಾವ್ದು ಹಚ್ಚೂಣ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಅವರು ಹೇಳಿದ ಜೋಡಿ ನಿಮಗೆ ಹಿಡಿಸದಿದ್ದರೂ ಹಾಗೆಯೇ ಇರಲಿ.

ಈಗ ಹೊಲಿಗೆ. ತೊಗರಿಕಾಳಿನಷ್ಟು ಉದ್ದದ ಟಾಕಿ, ನಡುವೆ ಅಷ್ಟೇ ಅಂತರ. ಮೊದಲು ತುಂಡುಗಳ ಅಂಚು, ಆಮೇಲೆ ಇಡೀ ಕೌದಿಯ ಮೇಲೆ ಎರಡೂವರೆ ಸೆಂ.ಮೀ.ಗೆ ಒಂದರಂತೆ ಉದ್ದನೆಯ ಸಾಲುಗಳು, ಒಟ್ಟು 28ರ ಸುಮಾರು. ಸೀಮೆಸುಣ್ಣದಿಂದ ಗೆರೆ ಹಾಕಿ ಕೊಟ್ಟರೆ ಕಣ್ಣಿಗೆ ಆಧಾರ. ನಡುವಿನ ಸಾಲು ಮೊದಲು, ಆಮೇಲೆ ಎರಡೂ ಬದಿಗೆ. ಸುತ್ತಂಚಿನಿಂದ ಒಳಕ್ಕೆ ಸುತ್ತು ಹೊಲಿಗೆ ಹಾಕುವ ಪದ್ಧತಿಯೂ ಚೆಂದವೇ, ಆದರೆ ಅದಕ್ಕೆ ಪಳಗಿದ ಕೈ ಬೇಕು. ದಿನಕ್ಕೆ ಒಂದೆರಡು ಸಾಲು ಸಾಕು. ಅಂಚುಗಳದ್ದೂ ಸೇರಿ ತಿಂಗಳು, ಒಂದೂವರೆ ತಿಂಗಳಿಗೆ ಕೌದಿ ಮುಗಿಯುತ್ತದೆ. ಎರಡೆಳೆ ಹಾಕಿ ಹೊಲಿದರೆ ನೂರು ಮೀಟರಿನ ಹತ್ತಿ ದಾರದ ಒಂದು ರೀಲು ಹೆಚ್ಚುಕಡಿಮೆ ಹಿಡಿಯುತ್ತದೆ, ಎರಡು ತಂದಿಡಿ.

ಏನೇನು ಕೆಡುತ್ತದೆ? ದಾರ ಪದೇ ಪದೇ ಗಂಟಾಗುತ್ತಿದ್ದರೆ ಅದು ಉದ್ದವಾಗಿದೆ ಎಂದರ್ಥ. ಮಡಚಿದ ಮೇಲೆ ಒಂದು ಮೊಳಕ್ಕಿಂತ ಹೆಚ್ಚು ಬೇಡ. ಉದ್ದ ದಾರ ಎಳೆಯುವಾಗ ತೋಳು ಪ್ರತಿ ಸಲ ಮೇಲೆದ್ದು ಭುಜವೂ ನೋಯುತ್ತದೆ. ದಾರವನ್ನು ಮೇಣದ ಬತ್ತಿಯ ಮೇಲೆ ಒಮ್ಮೆ ಎಳೆದರೆ ಗಂಟು ಇನ್ನೂ ಕಡಿಮೆ. ಕೌದಿ ಸುಕ್ಕುಗಟ್ಟಿದರೆ ದಾರ ಬಿಗಿಯಾಗಿದೆ. ಗೇಣಿಗೊಮ್ಮೆ ನಿಂತು ಹೊಲಿದ ಜಾಗವನ್ನು ಬೆರಳಿಂದ ಸವರಿದರೆ ದಾರ ಸಡಿಲವಾಗಿ ಕೂರುತ್ತದೆ. ನಾಲ್ಕು ತುಂಡು ಸೇರುವ ಕಡೆ ಪದರ ದಪ್ಪವಾಗಿ ಸೂಜಿ ಬಾಗುತ್ತದೆ, ಅಲ್ಲಿ ಒತ್ತಾಯ ಮಾಡದೆ ಸಾಲನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಎಲ್ಲಕ್ಕಿಂತ ಹೆಚ್ಚು ತಪ್ಪುವುದು ತಳದ ಪದರ. ಮೇಲೆ ಚೆಂದ ಕಾಣುವ ಟಾಕಿ ಕೆಳಗೆ ತಲುಪಿರುವುದೇ ಇಲ್ಲ. ಪ್ರತಿ ಸಾಲು ಮುಗಿದ ಮೇಲೆ ಕೌದಿ ತಿರುವಿ ನೋಡುವ ರೂಢಿ ಹಾಕಿಕೊಳ್ಳಲಿ.

ಮುಗಿದ ಕೌದಿಯ ಮೇಲೆ ಅಯಸ್ಕಾಂತ ಆಡಿಸಿ, ಮರೆತ ಸೂಜಿ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಮಗುವಿಗೆ ಕೊಡಿ. ಅದು ಕೂಸಿನ ಕೆಳಗೆ ಹಾಸಲಿಕ್ಕೆ. ಮುಖದ ಮೇಲೆ ಬರುವಂತೆ ಹೊದಿಸಬಾರದು.

ಕಣ್ಣು, ಬೆರಳು, ಸೊಂಟ

"ಕಣ್ಣು ಕಾಣಸಂಗಿಲ್ಲ, ನನ್ನ ಕೈಲೆ ಆಗಂಗಿಲ್ಲ" ಎಂದು ಕೈಬಿಡುವವರಲ್ಲಿ ಬಹಳ ಜನರಿಗೆ ತೊಂದರೆ ಕೊಡುವುದು ಹೊಲಿಗೆ ಅಲ್ಲ, ದಾರ ಪೋಣಿಸುವುದು. ಬೆಳಗ್ಗೆ ಶಾಲೆಗೆ ಹೋಗುವ ಮುನ್ನ ಮೊಮ್ಮಕ್ಕಳು ಹತ್ತು ಸೂಜಿಗೆ ದಾರ ಪೋಣಿಸಿ ಬಟ್ಟೆಯ ಗುಬ್ಬಿಗೆ ಚುಚ್ಚಿಟ್ಟು ಹೋದರೆ ಅರ್ಧ ಸಮಸ್ಯೆ ತೀರಿತು. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ದಾರ ಪೋಣಿಸುವ ಪುಟ್ಟ ತಂತಿಯೂ ಕೆಲವೇ ರೂಪಾಯಿಗೆ ಸಿಗುತ್ತದೆ. ಸೂಜಿ ಐದಾರು ಸೆಂ.ಮೀ. ಉದ್ದದ, ದೊಡ್ಡ ಕಣ್ಣಿನದಿರಲಿ. ಸಣ್ಣ ಸೂಜಿ ಹಿಡಿಯಲು ಬೆರಳನ್ನು ಬಿಗಿಹಿಡಿಯಬೇಕಾಗುತ್ತದೆ, ಅದರಿಂದ ಸಂಧಿ ನೋವು ಹೆಚ್ಚುತ್ತದೆ.

ಪೊರೆ ಬಂದ ಕಣ್ಣಿಗೆ ನೀಲಿ, ಕಪ್ಪು, ಕಡುಗಂದು ಬಣ್ಣಗಳು ಒಂದೇ ಥರ ಕಾಣುತ್ತವೆ. ತಿಳಿ ಬಟ್ಟೆಗೆ ಕೆಂಪು ದಾರ, ಕಡುಬಟ್ಟೆಗೆ ಹಳದಿ ಅಥವಾ ಬಿಳಿ ದಾರ ಕೊಡಿ. ಬಲಗೈಯವರಿಗೆ ಬೆಳಕು ಎಡದಿಂದ ಬರಬೇಕು, ಇಲ್ಲವಾದರೆ ತಮ್ಮ ಕೈಯ ನೆರಳೇ ಟಾಕಿಯ ಮೇಲೆ ಬೀಳುತ್ತದೆ. ಹತ್ತಿರ ನೋಡುವ ಕನ್ನಡಕ ಹಾಕಿಕೊಂಡೇ ಎದ್ದು ನಡೆಯುವುದು ಬೀಳುವುದಕ್ಕೆ ದಾರಿ. ಏಳುವ ಮೊದಲು ಕನ್ನಡಕ ತೆಗೆಯಲಿ. ಕನ್ನಡಕ ಬದಲಿಸಿ ವರ್ಷಗಳೇ ಆಗಿದ್ದರೆ ಕೆಲಸಕ್ಕೆ ಕೂರಿಸುವ ಮುಂಚೆ ಕಣ್ಣು ತೋರಿಸಿ.

ಸಕ್ಕರೆ ಕಾಯಿಲೆ ಹಳತಾದವರ ಬೆರಳಿಗೂ ಪಾದಕ್ಕೂ ಸ್ಪರ್ಶ ಮಂದವಾಗಿರಬಹುದು. ಸೂಜಿ ಚುಚ್ಚಿದ್ದು ಅವರಿಗೆ ಗೊತ್ತಾಗುವುದಿಲ್ಲ, ಗಾಯ ಮಾಯಲು ಬಹಳ ದಿನ ಹಿಡಿಯುತ್ತದೆ. ನಡುಬೆರಳಿಗೆ ಅಂಗುಸ್ತಾನ (ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಟೊಪ್ಪಿಗೆ) ಹಾಕಿಸಿ, ಕೆಲಸ ಮುಗಿದ ಮೇಲೆ ಬೆರಳುಗಳನ್ನು ನೋಡಿ, ಸೂಜಿ ಎಣಿಸಿ. ಕೊಟ್ಟದ್ದು ಹತ್ತಾದರೆ ವಾಪಸು ಬರಬೇಕಾದ್ದೂ ಹತ್ತು. ನೆಲಕ್ಕೆ ಬಿದ್ದ ಸೂಜಿ ಬರಿಗಾಲಿನಲ್ಲಿ ನಡೆಯುವವರ ಪಾದ ಸೇರುತ್ತದೆ, ದಾರಕ್ಕೆ ಕಟ್ಟಿದ ಅಯಸ್ಕಾಂತವೊಂದು ಮನೆಯಲ್ಲಿರಲಿ. ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರಿಗೆ ಚುಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಶುಭ್ರ ಬಟ್ಟೆಯಿಂದ ಐದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು.

ಬೆಳಗಿನ ಹೊತ್ತು ಬೆರಳು ಬಿಗಿದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಕೈ ಅದ್ದಿ, ನೀರೊಳಗೇ ಮುಷ್ಟಿ ಮಡಚಿ ಬಿಚ್ಚಲಿ. ನೀರಿನ ಬಿಸಿ ನೋಡುವುದು ನಿಮ್ಮ ಕೈ, ಅವರದ್ದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಕೆಲಸ ಬಿಟ್ಟು ಎರಡು ಗಂಟೆಯಾದರೂ ನೋವು ಇಳಿಯದಿದ್ದರೆ ಮರುದಿನ ಅರ್ಧ ಹೊತ್ತು ಮಾತ್ರ. ದಪ್ಪ ಪದರದಿಂದ ಸೂಜಿ ಎಳೆಯಲು ಒಡೆದ ಬಲೂನಿನ ತುಂಡು ಬೆರಳ ನಡುವೆ ಹಿಡಿದರೆ ಜಾರುವುದಿಲ್ಲ.

ನೆಲದ ಮೇಲೆ ಕೂತೇ ಹೊಲಿದ ರೂಢಿಯವರು ಕುರ್ಚಿ ಬೇಡವೆನ್ನುತ್ತಾರೆ. ಮಂಡಿ ನೋವಿಲ್ಲದಿದ್ದರೆ ಗೋಡೆಗೆ ಬೆನ್ನು ಕೊಟ್ಟು ನೆಲದಲ್ಲೇ ಕೂರಲಿ. ನೋವಿದ್ದರೆ ಕೈಯಿರುವ ಕುರ್ಚಿ, ಪಾದ ನೆಲಕ್ಕೆ ಪೂರ್ತಿ ತಾಗುವ ಎತ್ತರ, ಎದುರಿಗೆ ಮೊಣಕೈ ಮಟ್ಟದ ಮೇಜು. ಕೌದಿಯ ಭಾರ ಮೇಜಿನ ಮೇಲಿರಬೇಕು, ತೊಡೆಯ ಮೇಲಲ್ಲ. ಕೈ ನಡುಗುವವರು ಮೊಣಕೈಯನ್ನು ಮೇಜಿಗೋ ದಿಂಬಿಗೋ ಊರಿದರೆ ನಡುಕ ಸ್ವಲ್ಪ ತಗ್ಗುತ್ತದೆ. ಲಕ್ವ ಹೊಡೆದು ಒಂದು ಕೈ ಸೋತವರಿಗೆ ಬಟ್ಟೆಯನ್ನು ಹಲಗೆಗೆ ಕ್ಲಿಪ್ ಹಾಕಿ ಕೊಡಿ. ಸೋತ ಕೈ ಬಟ್ಟೆಯ ಮೇಲೆ ಭಾರವಾಗಿ ಕೂರಲಿ, ಹೊಲಿಗೆ ಇನ್ನೊಂದರಿಂದ. ಅವರ ಫಿಜಿಯೋಥೆರಪಿಸ್ಟರಿಗೂ ಇದನ್ನು ಹೇಳಿರಿ.

ನಮ್ಮ ಬಿಸಿಲನ್ನು ಮರೆತು ವೇಳಾಪಟ್ಟಿ ಹಾಕುವಂತಿಲ್ಲ. ಏಪ್ರಿಲ್, ಮೇನಲ್ಲಿ ತಾಪಮಾನ 40 ಡಿಗ್ರಿ ದಾಟುವ ಊರುಗಳಿವು. ಆಗ ಮೈಮೇಲೆ ಕೌದಿ ಹರವಿಕೊಂಡು ಕೂರುವುದು ಸಲ್ಲದು. ಆ ಎರಡು ತಿಂಗಳು ಬಟ್ಟೆ ಆರಿಸುವುದು, ಬಣ್ಣ ಜೋಡಿಸುವುದು ಇಂಥ ಹಗುರ ಕೆಲಸ, ಅದೂ ಬೆಳಗ್ಗೆ ಹತ್ತರೊಳಗೆ ಇಲ್ಲವೇ ಐದರ ಮೇಲೆ. ಪಕ್ಕದಲ್ಲಿ ನೀರಿನ ತಂಬಿಗೆ ಇರಲೇಬೇಕು, ಕೆಲಸದಲ್ಲಿ ಮುಳುಗಿದ ಹಿರಿಯರಿಗೆ ಬಾಯಾರಿಕೆ ಗೊತ್ತೇ ಆಗುವುದಿಲ್ಲ. ಹೊಲಿಗೆ ಮಳೆಗಾಲಕ್ಕೆ ಶುರುವಾದರೆ ಚಳಿಗೆ ಕೌದಿ ಸಿದ್ಧ.

ಮಣ್ಣೆತ್ತು

ಸೂಜಿ ಹಿಡಿಯಲಾಗದ ಕೈಗೆ ಮಣ್ಣು ಒಳ್ಳೆಯದು. ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಈಗ ಬಹಳ ಮನೆಗಳು ಬಜಾರಿನಿಂದ ಅಚ್ಚಿನ ಎತ್ತು ತರುತ್ತವೆ. ಮನೆಯಲ್ಲಿ ಮುತ್ಯಾ ಇದ್ದರೆ ಅವರನ್ನೇ ಕೇಳಿ. ಅಂಗೈ, ಬೆರಳು ಎರಡಕ್ಕೂ ಇದು ಪೂರ್ತಿ ವ್ಯಾಯಾಮ. ನಡುಗುವ ಕೈಯಲ್ಲೂ ಎತ್ತಿನ ಆಕಾರ ಮೂಡುತ್ತದೆ.

ನಮ್ಮ ಎರಿ (ಕಪ್ಪು) ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಬೇಸಿಗೆಗೆ ಬೀಳುವ ಬಿರುಕು ಎತ್ತಿನ ಹೊಟ್ಟೆಯ ಮೇಲೂ ಬೀಳುವುದು ಇದೇ ಕಾರಣಕ್ಕೆ. ಒಣ ಮಣ್ಣನ್ನು ಕುಟ್ಟಿ ಜರಡಿ ಹಿಡಿದು, ಹರಳು, ಗಾಜಿನ ಚೂರು ಇಲ್ಲವೆಂದು ನೋಡಿಕೊಂಡು ಎರಡು ದಿನ ನೆನೆಸಿ. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಉಸುಕು, ಒಂದು ಹಿಡಿ ಬಿಡಿಸಿದ ಹತ್ತಿ ಸೇರಿಸಿ ನಾದಬೇಕು. ಉಸುಕು ಕುಗ್ಗುವಿಕೆ ತಗ್ಗಿಸುತ್ತದೆ, ಹತ್ತಿಯ ಎಳೆ ಮಣ್ಣನ್ನು ಹಿಡಿದಿಡುತ್ತದೆ. ಹದ ಹೋಳಿಗೆಯ ಕಣಕಕ್ಕಿಂತ ಸ್ವಲ್ಪ ಗಟ್ಟಿ. ಬೆರಳಿಗೆ ಅಂಟಬಾರದು, ಮಡಚಿದರೆ ಅಂಚು ಒಡೆಯಬಾರದು.

ಕಾಲು ಗಿಡ್ಡಗೆ, ದಪ್ಪಗೆ ಇರಲಿ. ಕಾಲು, ಕೊಂಬು, ಬಾಲ ಬೇರೆ ಮಾಡಿ ಹಚ್ಚುವಾಗ ಎರಡೂ ಕಡೆ ಕಡ್ಡಿಯಿಂದ ಗೀರಿ, ತೆಳು ಕೆಸರು ಬಳಿದು ಒತ್ತಬೇಕು. ಬರೀ ನೀರು ಹಚ್ಚಿ ಅಂಟಿಸಿದ ಕೊಂಬು ಒಣಗಿದ ದಿನವೇ ಉದುರುತ್ತದೆ. ಮೊದಲ ದಿನ ಒದ್ದೆ ಬಟ್ಟೆ ಮುಚ್ಚಿ, ಆಮೇಲೆ ಮೂರ್ನಾಲ್ಕು ದಿನ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಹೊರಮೈ ಮೊದಲು ಕುಗ್ಗಿ ಬಿರಿಯುತ್ತದೆ. ಕೈಯಲ್ಲಿ ಹಸಿ ಗಾಯ ಇದ್ದವರು ಮಣ್ಣು ಮುಟ್ಟುವುದು ಬೇಡ. ಮುಗಿದ ಮೇಲೆ ಉಗುರಿನ ಸಂದು ತೊಳೆದು ಕೊಬ್ಬರಿ ಎಣ್ಣೆ ಹಚ್ಚಿದರೆ ಚರ್ಮ ಒಡೆಯುವುದಿಲ್ಲ. ಎತ್ತು ಕೈಗೆ ಕೂತ ಮೇಲೆ ಆಷಾಢದಲ್ಲಿ ಮಣ್ಣಿನಿಂದಲೇ ಮಾಡುವ ಗುಳ್ಳವ್ವ ಇದ್ದೇ ಇದೆ.

ಗಂಡಸರು ಒಪ್ಪುವ ಕೆಲಸ

ಒಕ್ಕಲುತನದಲ್ಲಿ ಬದುಕು ಕಳೆದ ಗಂಡಸರಿಗೆ "ಕ್ರಾಫ್ಟ್" ಎಂದರೆ ಮುಖ ತಿರುವುತ್ತಾರೆ. ಅದೇ "ಹೊರಸಿನ ನವಾರ ಜೋತು ಬಿದ್ದಾವು ನೋಡ್ರಿ" ಎಂದರೆ ತಾವಾಗಿ ಎದ್ದು ಬರುತ್ತಾರೆ. ಹೊರಸು (ನವಾರದ ಮಂಚ) ಬಿಗಿಯುವುದು, ಪುಂಡಿ ನಾರಿನ ಹಗ್ಗ ಹೊಸೆಯುವುದು, ಕಾರಹುಣ್ಣಿಮೆಗೆ ಎತ್ತಿನ ಗೊಂಡೆ ಕಟ್ಟುವುದು, ಇವೆಲ್ಲ ಎರಡೂ ಕೈ ಒಟ್ಟಿಗೆ ದುಡಿಯುವ, ಲೆಕ್ಕ ಇಟ್ಟುಕೊಳ್ಳಬೇಕಾದ ಕೆಲಸ. ಹಗ್ಗಕ್ಕೆ ನಾರನ್ನು ಅರ್ಧ ಗಂಟೆ ತೋಯಿಸಿ ಹಿಂಡಿದರೆ ಅಂಗೈ ಸೀಳುವುದಿಲ್ಲ. ಎಳೆಗಳನ್ನು ಒಂದು ದಿಕ್ಕಿಗೆ ಹುರಿ ಮಾಡಿ, ಎರಡನ್ನು ಜೋಡಿಸಿ ವಿರುದ್ಧ ದಿಕ್ಕಿಗೆ ಹೊಸೆಯಬೇಕು. ಎರಡೂ ಒಂದೇ ದಿಕ್ಕಾದರೆ ಕೈಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ. ಹೊಸ ನಾರನ್ನು ಎರಡೂ ಎಳೆಗೆ ಒಂದೇ ಜಾಗದಲ್ಲಿ ಸೇರಿಸಿದರೆ ಹಗ್ಗ ಅಲ್ಲೇ ಹರಿಯುತ್ತದೆ, ಒಂದು ಗೇಣು ಹಿಂದುಮುಂದು ಮಾಡಿ. ತೊಡೆಯ ಮೇಲೆ ಹೊಸೆಯುವ ರೂಢಿಯಿದ್ದರೆ ದಪ್ಪ ಬಟ್ಟೆ ಹಾಕಿಕೊಳ್ಳಲಿ, ಹಿರಿಯರ ತೆಳು ಚರ್ಮ ಬೇಗ ತರಚುತ್ತದೆ. ಹೊರಸು ಬಿಗಿಯುವಾಗ ಎಳೆಯುವ ಬಲ ಕಿರಿಯರದಿರಲಿ. ಎದೆನೋವು, ಹರ್ನಿಯ ಇದ್ದವರು ಬರೀ ಹೇಳಿ ಮಾಡಿಸಿದರೂ ಕೆಲಸ ಅವರದೇ.

ಬೀದರಿನವರು ಬಿದರಿ ಮಾಡಿಸಬಹುದೇ ಎಂದು ಕೇಳುತ್ತಾರೆ. 2006ರಲ್ಲಿ ಭೌಗೋಳಿಕ ಸೂಚಕ ಪಡೆದ ಆ ಕಲೆಯಲ್ಲಿ ಸತು, ತಾಮ್ರ ಕರಗಿಸಬೇಕು, ಚೂಪು ಉಳಿಯಿಂದ ಕೊರೆದು ಬೆಳ್ಳಿ ಕೂರಿಸಬೇಕು, ಕೋಟೆಯ ಮಣ್ಣಿನ ಜೊತೆ ನವಸಾಗರ ಕುದಿಸಿ ಕಪ್ಪು ಹತ್ತಿಸಬೇಕು. ಹೊಗೆ, ಲೋಹದ ಪುಡಿ, ಬೆಂಕಿ ಯಾವುದೂ ಮನೆಯ ಹಿರಿಯರಿಗೆ ಹೊಂದುವುದಿಲ್ಲ. ಅದರ ಬಳ್ಳಿ, ಹೂವಿನ ಚಿತ್ತಾರ ಮಾತ್ರ ಖಂಡಿತ ಹೊಂದುತ್ತದೆ. ಕಪ್ಪು ಡ್ರಾಯಿಂಗ್ ಹಾಳೆ, ಬೆಳ್ಳಿ ಬಣ್ಣದ ಜೆಲ್ ಪೆನ್ನು, ಒಂದು ತಟ್ಟೆ ಇಷ್ಟು ಸಾಕು. ತಟ್ಟೆಯ ಸುತ್ತ ಗೆರೆ ಎಳೆದು, ವೃತ್ತವನ್ನು ಎಂಟು ಭಾಗ ಮಾಡಿ, ಒಂದು ಭಾಗದ ಬಳ್ಳಿಯನ್ನು ಉಳಿದ ಏಳರಲ್ಲೂ ಮೂಡಿಸಲಿ. ಕಪ್ಪಿನ ಮೇಲೆ ಬೆಳ್ಳಿ ಎದ್ದು ಕಾಣುವುದರಿಂದ ಮಂದ ಕಣ್ಣಿನವರಿಗೂ ಆಗುತ್ತದೆ. ಪೆನ್ನು ದಪ್ಪ ಬೇಕಾದರೆ ರಬ್ಬರ್ ಕೊಳವೆ ತೊಡಿಸಿ. ತಾಂಡಾದ ಹಿರಿಯರಿಗೆ ಕನ್ನಡಿ, ಕವಡೆ ಹಚ್ಚುವ ಲಂಬಾಣಿ ಕಸೂತಿಯೇ ಮೊದಲ ಆಯ್ಕೆ. ದಪ್ಪ ದಾರ, ದೊಡ್ಡ ಟಾಕಿಯಿಂದ ಆಗುವ ಕೆಲಸವದು. ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ ಕಸೂತಿಯನ್ನು ಕಣ್ಣು ನಿಚ್ಚಳ ಇದ್ದವರಿಗೆ ಬಿಡಿ.

ನಾಲ್ಕು ಜನ ಕೂಡಿದರೆ

ಒಬ್ಬರೇ ಹೊಲಿಯುವುದಕ್ಕಿಂತ ಓಣಿಯ ಮೂರ್ನಾಲ್ಕು ಮಂದಿ ಒಂದೇ ಮಂಚದ ಸುತ್ತ ಕೂತರೆ ಲಾಭ ಹೆಚ್ಚು. ವಾರಕ್ಕೆರಡು ದಿನ, ಗೊತ್ತಾದ ಹೊತ್ತು, ಗೊತ್ತಾದ ಮನೆ ಅಥವಾ ಗುಡಿಯ ಪಡಸಾಲೆ. ಆರಕ್ಕಿಂತ ಹೆಚ್ಚಾದರೆ ಕಿವಿ ಮಂದವಾದವರು ಮಾತಿನಿಂದ ಹೊರಗುಳಿಯುತ್ತಾರೆ. ಅಂಥವರನ್ನು ಎಲ್ಲರ ಮುಖ ಕಾಣುವ ಕಡೆ ಕೂರಿಸಿ, ಟಿವಿ ಬಂದ್ ಇರಲಿ. ಜಾಗ ಬಚ್ಚಲಿಗೆ ಹತ್ತಿರ ಇರಬೇಕು. ಎಷ್ಟೋ ಜನ ಹಿರಿಯರು ಹೊರಗೆ ಬರಲು ಒಪ್ಪದಿರುವುದಕ್ಕೆ ಇದೇ ಕಾರಣ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ.

ಅವರು ಹೊಲಿದದ್ದನ್ನು ರಾತ್ರಿ ಗುಟ್ಟಾಗಿ ಬಿಚ್ಚಿ ಸರಿಮಾಡಬೇಡಿ. ಬೆಳಗ್ಗೆ ಅವರಿಗೆ ಗೊತ್ತಾಗುತ್ತದೆ, ಮತ್ತೆ ಸೂಜಿ ಮುಟ್ಟುವುದಿಲ್ಲ. ಮಾಡಿದ ವಸ್ತುವನ್ನು ಕಪಾಟಿನಲ್ಲಿಟ್ಟು ಪೂಜಿಸಲೂ ಬೇಡಿ. ಬಳಸಿ, ತೊಳೆಯಿರಿ, ಹರಿದರೆ ತ್ಯಾಪಿ ಹಾಕಿಕೊಡಲು ಅವರನ್ನೇ ಕೇಳಿ.

ಮರೆವು ಶುರುವಾದವರಿಗೆ ಒಂದು ಹೊತ್ತಿಗೆ ಒಂದೇ ಹೆಜ್ಜೆ. "ಇದನ್ನ ಇಲ್ಲಿ ಇಡ್ರಿ" ಎಂದು ತೋರಿಸಿ, ಮುಗಿದ ಮೇಲೆ ಮುಂದಿನದು. ಮರೆವು ಹೆಚ್ಚಿದರೆ ಸೂಜಿ, ಕತ್ತರಿ, ಗುಂಡಿ, ಸಣ್ಣ ಮಣಿ ದೂರವಿಡಿ. ಬಾಯಿಗೆ ಹಾಕಿಕೊಳ್ಳುವ ಭಯ ಇರುತ್ತದೆ. ಬಣ್ಣದ ಪ್ರಕಾರ ತುಂಡು ವಿಂಗಡಿಸುವುದು, ದಾರದ ಉಂಡೆ ಸುತ್ತುವುದು, ಬಟ್ಟೆ ಮಡಚುವುದು ಆಗ ಸಾಕು. ವಿಂಗಡಿಸಿದ್ದು ತಪ್ಪಿದರೂ ತಿದ್ದಬೇಡಿ. ಅವರು ಎಳೆಯ ವಯಸ್ಸಿನಲ್ಲಿ ಕಲಿತ ಕೆಲಸವನ್ನೇ ಕೊಟ್ಟು ನೋಡಿ, ಮಾತು ಮರೆತವರ ಕೈ ಎಷ್ಟೋ ಸಲ ಹಳೆಯ ಹೊಲಿಗೆಯನ್ನು ಮರೆತಿರುವುದಿಲ್ಲ.

ದಿನಾ ಕೈಕೆಲಸ ನೋಡುವವರಿಗೆ ದೇಹದ ಬದಲಾವಣೆಯೂ ಬೇಗ ಕಣ್ಣಿಗೆ ಬೀಳುತ್ತದೆ. ಬರವಣಿಗೆ, ಚಿತ್ತಾರ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತಾ ಹೋದರೆ, ಕೈ ನಿಧಾನವಾಗಿ ಬಿಗಿಯುತ್ತಿದ್ದರೆ, ಇಷ್ಟಪಟ್ಟು ಮಾಡುತ್ತಿದ್ದವರು ವಾರಗಟ್ಟಲೆ ಮುಟ್ಟದೆ ಊಟ, ನಿದ್ದೆಯನ್ನೂ ಬಿಟ್ಟರೆ ವೈದ್ಯರಿಗೆ ತೋರಿಸಿ. ಮಾಡಿದ ಕೆಲಸವನ್ನೂ ಜೊತೆಗೆ ಒಯ್ಯಿರಿ, ಹಳೆಯದು ಒಂದು, ಹೊಸದು ಒಂದು. ಇದ್ದಕ್ಕಿದ್ದಂತೆ ಒಂದು ಕೈಯಿಂದ ಸೂಜಿ ಜಾರಿ ಬಿದ್ದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಬೆಳಗಾಗುವ ತನಕ ಕಾಯಬೇಡಿ. ಆ ಕ್ಷಣವೇ 108ಕ್ಕೆ ಫೋನ್ ಮಾಡಿ, ಲಕ್ಷಣ ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.